ಒಂದು ವೀಳ್ಯದ ಹೊತ್ತು

ಎಷ್ಟು ಸಲ ಹೇಳಿದ್ದೆ ಎಂದು ನಾನು ಲೆಕ್ಕ ಹಾಕುತ್ತಲೇ ಇದ್ದೆ. ಹಾಲು ಕಾಯಿಸುವಾಗ, ಮಗುವಿನ ಬಟ್ಟೆ ಹಿಂಡುವಾಗ, ಬಸ್ಸಿನಲ್ಲಿ ಕೂತಾಗ, ಅದೇ ಲೆಕ್ಕ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ. ಓಣಂ ವಾರ ಲಾರಿ ಬರಲಿಲ್ಲ; ಅದನ್ನು ಕಳೆದರೂ ಮೂವತ್ತಕ್ಕೆ ಕಡಿಮೆಯಿಲ್ಲ. ಮೊದಲೆರಡು ಸಲ ಬಾಯಿಬಿಟ್ಟು ಹೇಳಿದ್ದೆ. ಆಮೇಲೆ ನಾನು ಕಿಟಕಿಯಲ್ಲಿ ನಿಂತದ್ದೇ ಸಾಕಾಗುತ್ತಿತ್ತು. ಲಾರಿಯ ಡ್ರೈವರ್ ಕಮಲಾಕ್ಷ ನನ್ನನ್ನು ನೋಡುತ್ತಿದ್ದರು, ಎಂಜಿನ್ ಆರಿಸುತ್ತಿದ್ದರು. ಅದರಿಂದಲೇ ಲಾರಿ ಕೆಟ್ಟಿತು, ಅದರಿಂದಲೇ ಅವರ ಸ್ಟೇರಿಂಗ್ ಹೋಗುವುದರಲ್ಲಿತ್ತು. ಇದು ಗೊತ್ತಿದ್ದವರು ಇಬ್ಬರೇ. ಅವರು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಇದು ೧೯೭೪ರ ಮಾತು. ನನ್ನ ಯಜಮಾನರು ಶ್ರೀಕಂಠ, ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಒಂದು ಸಂಸ್ಥೆಯ ಸ್ಟೋರ್‌ಕೀಪರ್. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕೊಚ್ಚಿ ಬಂದರಿಗೆ ಬಂದಿಳಿದ ಯಂತ್ರಗಳ ಪೆಟ್ಟಿಗೆಗಳನ್ನು ಹೊತ್ತು ಒಂದು ದೊಡ್ಡ ಪರದೇಶಿ ಲಾರಿ ವಾರಕ್ಕೆರಡು ಬಾರಿ ಬರುತ್ತಿತ್ತು. ನಮ್ಮ ಬಾಡಿಗೆ ಮನೆ ಇದ್ದದ್ದು ಶ್ರೀಕಾರ್ಯಂನಲ್ಲಿ, ಹೆದ್ದಾರಿಯ ಪಕ್ಕಕ್ಕೇ, ಒಂದು ಏರಿನ ತುದಿಯಲ್ಲಿ. ಉಗ್ರಾಣವಿದ್ದದ್ದು ಮುಂದೆ ಪಟ್ಟಂನಲ್ಲಿ. ಹಾಗಾಗಿ ಬೆಳಗಿನ ಆರು ಗಂಟೆಗೆ ಲಾರಿ ನಮ್ಮ ಗೇಟಿನ ಮುಂದೆ ನಿಲ್ಲುತ್ತಿತ್ತು. ಯಜಮಾನರು ಸ್ನಾನ, ಕಾಫಿ ಮುಗಿಸಿ, ಪೆಟ್ಟಿಗೆಗಳ ಸೀಲು ನೋಡಿ, ಅರ್ಧ ಗಂಟೆಯಲ್ಲಿ ಅದೇ ಲಾರಿ ಹತ್ತಿ ಹೋಗುತ್ತಿದ್ದರು.

ನಾನು ಬೆಂಗಳೂರಿನಲ್ಲಿ ಓದಿ ಬೆಳೆದವಳು. ಥರ್ಮಾಮೀಟರನ್ನು ದಿಂಬಿನ ಕೆಳಗೇ ಇಟ್ಟುಕೊಂಡು ಮಲಗುವ ಜಾತಿ. ಮಗಳು ನಿರ್ಮಲಳಿಗೆ ಐದನೇ ತಿಂಗಳಿನಲ್ಲಿ ನಾಯಿಕೆಮ್ಮು ಬಂತು. ರಾತ್ರಿಯಿಡೀ ಕೆಮ್ಮಿ, ಮುಖ ನೀಲಿಗಟ್ಟಿಸಿಕೊಂಡು, ಬೆಳಗಿನ ಐದಕ್ಕೆ ಕಣ್ಣು ಮುಚ್ಚುತ್ತಿದ್ದಳು. "ನಿದ್ದೆಯೇ ಇವಳಿಗೆ ಮದ್ದು" ಎಂದಿದ್ದರು ಡಾಕ್ಟರು. ಐದಕ್ಕೆ ಮಲಗಿದ ಮಗುವನ್ನು ಆರಕ್ಕೆ ಈ ಲಾರಿ ಬಂದು ಎಬ್ಬಿಸುತ್ತಿತ್ತು.

ಏರು ಹತ್ತುವಾಗಿನ ಸದ್ದನ್ನಾದರೂ ಸಹಿಸಬಹುದಿತ್ತು. ಲಾರಿ ನಿಂತ ಮೇಲೂ ಎಂಜಿನ್ ಗಡಗಡ ಎನ್ನುತ್ತಲೇ ಇರುತ್ತಿತ್ತು, ಕಿಟಕಿಯ ಗಾಜು ಅದುರುತ್ತಿತ್ತು. ಡ್ರೈವರ್ ಮಾತ್ರ ಮೇಲೆ ಆರಾಮವಾಗಿ ಕೂತು ತಗಡಿನ ಡಬ್ಬಿ ತೆರೆಯುತ್ತಿದ್ದರು. ಎಲೆ ಒರೆಸಿ, ತೊಟ್ಟು ಮುರಿದು, ಬೆನ್ನಿನ ನಾರು ತೆಗೆದು, ಸುಣ್ಣ ಸವರಿ, ಅಡಿಕೆ ಕತ್ತರಿಸಿ, ಮಡಚಿ ಬಾಯಿಗಿಟ್ಟ ಮೇಲೆ ಎಂಜಿನ್ ಆರಿಸುತ್ತಿದ್ದರು. ಸರಿಯಾಗಿ ಮೂರು ನಿಮಿಷ. ಇದೆಂಥ ಸೊಕ್ಕು ಎಂದು ನನಗೆ ಮೈಯೆಲ್ಲ ಉರಿಯಿತು. ಒಂದು ಬೆಳಿಗ್ಗೆ ಸೀದಾ ಗೇಟಿಗೆ ಹೋದೆ.

"ಏನ್ರೀ, ಎಂಜಿನ್ ಆಫ್ ಮಾಡಿ ಆಮೇಲೆ ಎಲೆ ಅಡಿಕೆ ಹಾಕ್ಕೊಳ್ಳೋಕೆ ಆಗಲ್ವಾ? ಮಗು ಈಗ ತಾನೇ ಕಣ್ಣು ಮುಚ್ಚಿದೆ."

"ಒಂದೆರಡು ನಿಮಿಷ ಅಮ್ಮಾ. ಇದಕ್ಕೆ ಒಂದು ಕ್ರಮ ಉಂಟು..."

"ನಿಮ್ಮ ಎಲೆ ಅಡಿಕೆ ಕ್ರಮ ಇದೆಯಲ್ಲ, ಅದನ್ನ ಸದ್ದಿಲ್ಲದೆ ಮಾಡಿ. ರಾತ್ರಿಯೆಲ್ಲ ಕೆಮ್ಮಿದೆ ಅದು."

ಒಳಗಿಂದ ಅದೇ ಹೊತ್ತಿಗೆ ಕೆಮ್ಮು ಕೇಳಿತು. ಅವರು ಕೈಯಲ್ಲಿದ್ದ ಎಲೆಯನ್ನು ಹಾಗೇ ಡಬ್ಬಿಗೆ ಹಾಕಿ ಎಂಜಿನ್ ಆರಿಸಿದರು. ಮುಂದಿನ ಸಲ ಮತ್ತೆ ಏನೋ ಹೇಳಲು ಹೊರಟರು. ನಾನು ಬಾಯಿಯ ಮೇಲೆ ಬೆರಳಿಟ್ಟೆ. ಅಲ್ಲಿಗೆ ಮುಗಿಯಿತು. ಮೂರನೇ ಸಲದಿಂದ ಲಾರಿ ನಿಲ್ಲುವುದಕ್ಕೂ ಎಂಜಿನ್ ಆರುವುದಕ್ಕೂ ನಡುವೆ ಉಸಿರಿನಷ್ಟೂ ಅಂತರವಿರಲಿಲ್ಲ. ನಿರ್ಮಲ ಏಳರವರೆಗೆ ಮಲಗತೊಡಗಿದಳು. ಜುಲೈಯಲ್ಲಿ ಕೆಮ್ಮು ಇಳಿಯಿತು, ಆಗಸ್ಟ್‌ನಲ್ಲಿ ಕೆನ್ನೆ ತುಂಬಿತು. ನಾನು ಡಾಕ್ಟರಿಗೆ ಕೈಮುಗಿದೆ, ದೇವರಿಗೆ ಕೈಮುಗಿದೆ. ಡ್ರೈವರ್ ನನ್ನ ನೆನಪಿಗೂ ಬರಲಿಲ್ಲ.

ಸೆಪ್ಟೆಂಬರ್ ಕೊನೆಯ ಶುಕ್ರವಾರ ಲಾರಿ ಏರಿನ ಅರ್ಧದಲ್ಲೇ ಏದುಸಿರು ಬಿಡತೊಡಗಿತು. ಎಂದಿನ ಸಿಳ್ಳಿನಂಥ ಸದ್ದಿನ ಬದಲು ಕಬ್ಬಿಣಕ್ಕೆ ಕಬ್ಬಿಣ ತೇಯುವ ಕಿರುಚಾಟ. ಹಿಂದೆ ದಟ್ಟ ಹೊಗೆ. ತೆವಳಿಕೊಂಡು ನಮ್ಮ ಗೇಟಿನವರೆಗೆ ಬಂದು ನಿಂತಿತು. ಕಮಲಾಕ್ಷ ಮುಚ್ಚಳ ಎತ್ತಿ, ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿದ್ದ ಒಂದು ಭಾಗದಿಂದ ಕೊಳವೆ ಕಳಚಿ, ಅದರ ಬಾಯಿಯೊಳಗೆ ಬೆರಳು ಹಾಕಿ ಚಕ್ರವನ್ನು ಅಲುಗಿಸಿ ನೋಡಿದರು. ಆಮೇಲೆ ಬೆರಳು ಒರೆಸಿಕೊಂಡರು.

"ಟರ್ಬೊ ಹೋಯ್ತು ಸರ್" ಎಂದರು ಯಜಮಾನರಿಗೆ.

"ಹೇಗೆ ಹೋಯ್ತಪ್ಪ?"

"ಹಳತಾಯ್ತಲ್ವಾ ಸರ್, ಗಾಡಿ."

ಪೆಟ್ಟಿಗೆಗಳನ್ನು ಬೇರೊಂದು ಲಾರಿಗೆ ಹಾಕಿ ಕಳಿಸಿದ್ದಾಯಿತು. ಮರುದಿನ ಕೊಚ್ಚಿಯಿಂದ ಲಾರಿಯ ಮಾಲೀಕರು ಕಾರಿನಲ್ಲಿ ಬಂದರು. ವೆಂಕಟರಮಣ ಕಾಮತರು ಎಂದು ಹೆಸರು, ಮೂಲ ಕಾರ್ಕಳದ ಕಡೆ, ಮಟ್ಟಾಂಚೇರಿಯಲ್ಲಿ ಆಫೀಸು. ಮನುಷ್ಯ ಸಣ್ಣ, ಗಂಟಲು ದೊಡ್ಡದು. ನಾನು ಮಗುವನ್ನೆತ್ತಿಕೊಂಡು ಅದೇ ಕಿಟಕಿಯಲ್ಲಿ ನಿಂತಿದ್ದೆ.

"ನೋಡು ಇಲ್ಲಿ! ಎಣ್ಣೆ ಬೆಂದು ಡಾಂಬರಾಗಿದೆ. ಏರು ಹತ್ತಿಸಿ ಬಂದವ ಕೂಡ್ಲೇ ಬಂದ್ ಮಾಡಿದ್ದಿ ನೀನು. ಒಂದು ದಿನ ಅಲ್ಲ, ದಿನಾ ಮಾಡಿದ್ದಿ. ನಿಲ್ಲಿಸಿದ ಮೇಲೆ ಎಂಜಿನ್ ಮೂರು ನಿಮಿಷ ಸುಮ್ಮನೆ ನಡೀಲಿ ಅಂತ ಹೇಳಿದ್ದೆನಾ ಇಲ್ವಾ?"

"ಹೇಳಿದ್ದೀರಿ ಧನಿ."

"ಮತ್ತೆ?"

"ಮರೆತು ಹೋಯ್ತು."

"ಮರೆತು ಹೋಯ್ತಾ! ಊಟ ಮರೆಯೂದಿಲ್ಲ, ಎಲೆ ಅಡಿಕೆ ಮರೆಯೂದಿಲ್ಲ, ಇದು ಮರೆತು ಹೋಯ್ತು!"

ಕಮಲಾಕ್ಷ ತಲೆಯೆತ್ತಲಿಲ್ಲ. ಕಿಟಕಿಯ ಕಡೆಗಂತೂ ನೋಡಲೇ ಇಲ್ಲ. ನಾನು ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದೆ.

ಹೊಸ ಟರ್ಬೊ ಪರದೇಶದಿಂದಲೇ ಬರಬೇಕು, ಲೈಸೆನ್ಸು ಸಿಕ್ಕಿ ಹಡಗೇರಿ ಬರಲು ಎಂಟು ತಿಂಗಳು. ಕೊನೆಗೆ ಕಾಮತರು ಹೇಳಿದರು: "ಬಿಚ್ಚಿ ಕೊಚ್ಚಿಗೆ ತಕ್ಕೊಂಡು ಬಾ. ದೋಣಿ ಎಂಜಿನ್ ಮಾಡುವ ಪೌಲೋಸ್ ಆಶಾನ್ ಹತ್ರ ಕೊಡು. ಆದ್ರೆ ಆಯ್ತು. ಆಮೇಲೆ ಈ ಗಾಡಿಗೆ ಬೇರೆ ಡ್ರೈವರ್. ಮರೆಯುವವನ ಕೈಗೆ ಇದನ್ನು ಕೊಡ್ಲಿಕ್ಕೆ ಆಗೂದಿಲ್ಲ. ನೀನು ಗೋಡೌನ್ ಕಾಯ್ಕೊಂಡಿರು."

ಆಗಲೇ ಹೊರಗೆ ಹೋಗಿ ಹೇಳಬಹುದಿತ್ತು. ಆದರೆ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಸ್ಟೋರ್‌ಕೀಪರನ ಹೆಂಡತಿ ಕಂಟ್ರಾಕ್ಟರನ ಲಾರಿಗೆ ಹುಕುಂ ಕೊಟ್ಟು ಕೆಡಿಸಿದಳು ಎಂದು ಕಾಮತರು ಸಂಸ್ಥೆಗೆ ಬರೆದರೆ? ಯಜಮಾನರ ಕೆಲಸ ಕಾಯಂ ಆಗುವ ಕಾಗದ ಬರಬೇಕಾದ ತಿಂಗಳು ಅದು. ಸೆರಗಿನ ತುದಿ ಕಚ್ಚಿಕೊಂಡು ಒಳಗೇ ಉಳಿದೆ.

ಸೋಮವಾರ ನಾನು ತ್ರಿಪ್ಪುಣಿತ್ತುರದ ಅಕ್ಕನ ಮನೆಗೆ ಹೊರಡಬೇಕಿತ್ತು. "ಕಮಲಾಕ್ಷನೂ ಅದೇ ಬಸ್ಸಿಗೆ ಹೋಗ್ತಾನೆ, ಜೊತೆಯಾಯ್ತು" ಎಂದರು ಯಜಮಾನರು. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಟರ್ಬೊವನ್ನು ಸುತ್ತಲು ನೂಲೆಳೆ ಬಿಡದ ಶುಭ್ರ ಬಟ್ಟೆ ಬೇಕು ಎಂದು ಅವರು ಕೇಳಿದಾಗ ನಿರ್ಮಲಳ ಹಳೆಯ ಮೆತ್ತನೆಯ ಬಟ್ಟೆಗಳನ್ನೇ ಕೊಟ್ಟೆ. ನನ್ನ ತೊಡೆಯ ಮೇಲೆ ಮಗು, ಅವರ ತೊಡೆಯ ಮೇಲೆ ಟರ್ಬೊ.

ಕಂಡಕ್ಟರ್ ಗಂಟನ್ನು ನೋಡಿ "ಇದೆಂದಾ ಚೇಟ್ಟಾ?" ಎಂದ, ಇದೇನಣ್ಣಾ ಅಂತ.

"ಕುಞ್ಞಾ. ಉಣರ್ತಲ್ಲೇ" ಎಂದರು ಕಮಲಾಕ್ಷ. ಮಗುವಪ್ಪಾ, ಎಬ್ಬಿಸಬೇಡ! ಕಂಡಕ್ಟರ್ ನಿಜವಾಗಿಯೂ ದನಿ ತಗ್ಗಿಸಿ ಟಿಕೆಟ್ ಹರಿದ. ಆಮೇಲೆ ಬಟ್ಟೆಯ ಸಂದಿಯಲ್ಲಿ ಕಬ್ಬಿಣ ಕಂಡು, "ಅಪ್ಪನದೇ ಬಣ್ಣ" ಎಂದು ಹೇಳಿ ಹೋದ. ಕಮಲಾಕ್ಷ ಮನಸಾರೆ ನಕ್ಕರು. ನನಗೆ ನಗಲಾಗಲಿಲ್ಲ.

ಆರು ಗಂಟೆಯ ದಾರಿ. ನಾನು ಕೇಳಿದ್ದಕ್ಕೆಲ್ಲ ಅವರು ಹೇಳುತ್ತ ಹೋದರು. ಊರು ಮಂಜೇಶ್ವರದ ಹತ್ತಿರ. ಹದಿನೆಂಟನೇ ವಯಸ್ಸಿಗೆ ಕೆಲಸ ಹುಡುಕಿಕೊಂಡು ತೆಂಕಲಿಗೆ ಬಂದವರು, ಮಲೆಯ ಮೇಲೆ ಅಣೆಕಟ್ಟು ಕಟ್ಟುವಲ್ಲಿ ಕಲ್ಲು ಸಾಗಿಸುವ ಲಾರಿಗಳಿಗೆ ಗ್ರೀಸ್ ಹಚ್ಚುವ ಕೆಲಸಕ್ಕೆ ಸೇರಿದರು. ಲಾರಿ ಬಿಡುವುದನ್ನು ಕಲಿತದ್ದು ಅಲ್ಲೇ, ಬಿಚ್ಚಿ ಜೋಡಿಸುವುದನ್ನು ಕಲಿತದ್ದೂ ಅಲ್ಲೇ. ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಲಾರಿಗಳನ್ನು ಹರಾಜು ಹಾಕಿದಾಗ ಕಾಮತರು ಇದನ್ನು ಕೊಂಡರು. "ಬಿಡ್ಲಿಕ್ಕೆ ಬೇರೆ ಯಾರಿಗೂ ಗೊತ್ತಿರ್ಲಿಲ್ಲ ಅಮ್ಮಾ. ಲಾರಿ ಒಟ್ಟಿಗೆ ನನ್ನನ್ನೂ ಹರಾಜಿಗೆ ಕೊಂಡ ಹಾಗಾಯ್ತು."

"ಈ ಟರ್ಬೊ ಅಂದ್ರೆ ಏನು?" ಎಂದೆ, ಧೈರ್ಯ ಮಾಡಿ.

"ಎಂಜಿನ್ನಿನ ಹೊಗೆ ಹೊರಗೆ ಹೋಗುವಾಗ ಸುಮ್ಮನೆ ಹೋಗೂದಿಲ್ಲ, ಇದರೊಳಗಿನ ಒಂದು ಚಕ್ರ ತಿರುಗಿಸಿ ಹೋಗ್ತದೆ. ಅದೇ ಶಾಫ್ಟಿನ ದಂಡಿಗೆ ಆಚೆ ಬದಿ ಇನ್ನೊಂದು ಚಕ್ರ. ಅದು ಎಂಜಿನ್ನಿಗೆ ಗಾಳಿ ತುಂಬಿಸ್ತದೆ. ಆಗ ಗಾಡಿಗೆ ಬಲ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ನೂರಾರು ಸುತ್ತು ತಿರುಗ್ತದೆ, ಕೆಂಡದ ಹಾಗೆ ಕಾಯ್ತದೆ. ದಂಡಿನ ಸುತ್ತ ಎಣ್ಣೆ ಹರಿಯುವವರೆಗೆ ಏನೂ ಇಲ್ಲ. ಎಂಜಿನ್ ನಿಂತ್ರೆ ಎಣ್ಣೆಯೂ ನಿಲ್ತದೆ, ಅಲ್ಲೇ ಬೇಯ್ತದೆ. ಅದಕ್ಕೇ ಸ್ವಲ್ಪ ತಣಿಯುವವರೆಗೆ ಎಂಜಿನ್ ಮೆಲ್ಲ ನಡೀಬೇಕು. ಅಲ್ಲಿದ್ದ ಪರದೇಶಿ ಫೋರ್‌ಮನ್ ಗಡಿಯಾರ ಹಿಡಿದು ಮೂರು ನಿಮಿಷ ನಿಲ್ತಿದ್ದ. ನನ್ನ ಹತ್ರ ಗಡಿಯಾರ ಎಲ್ಲಿಂದ? ಒಂದು ವೀಳ್ಯ ಮಡಚಿ ಬಾಯಿಗೆ ಹಾಕ್ಲಿಕ್ಕೆ ಸರಿಯಾಗಿ ಮೂರು ನಿಮಿಷ. ಅವನೇ ಅಳೆದು ನೋಡಿ ಒಪ್ಪಿದ."

ಇಷ್ಟು ಹೇಳಿದವರಿಗೆ ತಾನು ಯಾರಿಗೆ ಹೇಳುತ್ತಿದ್ದೇನೆಂಬುದು ಥಟ್ಟನೆ ನೆನಪಾಯಿತೇನೋ. ಮಾತು ನಿಲ್ಲಿಸಿ ಕಿಟಕಿಯಾಚೆ ನೋಡತೊಡಗಿದರು. ಡಬ್ಬಿ ಜೇಬಿನಲ್ಲೇ ಇತ್ತು; ಆ ದಾರಿಯುದ್ದಕ್ಕೂ ಅದನ್ನು ತೆರೆಯಲಿಲ್ಲ. ನಾನು ಸೊಕ್ಕು ಎಂದುಕೊಂಡದ್ದು ಅವರ ಗಡಿಯಾರವಾಗಿತ್ತು.

ಅಕ್ಕನ ಮನೆಯಲ್ಲಿ ಎರಡು ದಿನ ಅನ್ನ ಸೇರಲಿಲ್ಲ. "ಏನೇ ವಿನೂ, ಬಾಯಿಬಿಟ್ಟು ಹೇಳಿ ಸಾಯಿ" ಎಂದಳು ಸುಮಿತ್ರಕ್ಕ. ಹೇಳಿದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಲೇ, "ಥರ್ಮಾಮೀಟರ್ ಬಿಟ್ಟು ಬೇರೆ ಯಾವುದನ್ನೂ ನಂಬಲ್ಲ ನೀನು. ನನ್ನ ಮುಂದೆ ಅತ್ತು ಏನು ಬಂತು? ಅವರ ಮುಂದೆ ಹೋಗಿ ಹೇಳು" ಎಂದಳು. ಮೂರನೇ ದಿನ ಮಗುವನ್ನು ಕಟ್ಟಿಕೊಂಡು ಎರ್ನಾಕುಳಂ ಬಸ್ಸು ಹತ್ತಿದೆ.

ಪೌಲೋಸ್ ಆಶಾನರ ವರ್ಕ್‌ಶಾಪ್ ಹಿನ್ನೀರಿನ ದಂಡೆಯಲ್ಲಿ, ತಗಡಿನ ಮಾಡಿನ ಕೆಳಗಿತ್ತು. ಲೋಹ ಕಡೆಯುವ ಲೇತಿನ ಕಿರುಚಾಟಕ್ಕೆ ಬಾಗಿಲಲ್ಲೇ ನಿಂತುಬಿಟ್ಟೆ. ಆಶಾನ್ ಎಂದರೆ ಗುರು. ಎಪ್ಪತ್ತರ ಮುದುಕ, ಕನ್ನಡಕದ ಒಂದು ಕಡ್ಡಿಯ ಬದಲಿಗೆ ದಾರ. ಮೇಜಿನ ಮೇಲೆ ನಿರ್ಮಲಳ ಬಟ್ಟೆ ಹಾಸಿ, ಟರ್ಬೊದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟಿದ್ದರು. ಬಿಚ್ಚುವ ಮೊದಲೇ ಕಮಲಾಕ್ಷ ದಂಡು, ಚಕ್ರ, ನಟ್ಟು ಮೂರಕ್ಕೂ ಒಂದೇ ನೇರದಲ್ಲಿ ಸಣ್ಣ ಚುಕ್ಕೆ ಕುಟ್ಟಿದ್ದರು. ಮತ್ತೆ ಜೋಡಿಸುವಾಗ ಕೂದಲೆಳೆಯಷ್ಟು ಆಚೀಚೆಯಾದರೂ ಅಷ್ಟು ವೇಗದಲ್ಲಿ ಅದು ನಡುಗಿ ಒಡೆಯುತ್ತದಂತೆ. ಎಣ್ಣೆಯ ತೂತುಗಳಲ್ಲಿ ಕರಿ ಗಟ್ಟಿ ಕಟ್ಟಿಕೊಂಡಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ತೆಳು ತಂತಿಯಿಂದ ಕೆರೆದು ಕೆರೆದು ತೆಗೆಯುತ್ತಿದ್ದರು. ದಂಡು ಕುಳಿತು ತಿರುಗುವ ಎರಡು ಬುಷ್‌ಗಳು ತೇದು ಕಾಗದದಂತಾಗಿದ್ದವು. ಹೊಸತನ್ನು ಆಶಾನ್ ಹಳೆಯ ದೋಣಿಯೊಂದರ ಕಂಚಿನ ತುಂಡಿನಿಂದ ಲೇತಿನ ಮೇಲೆ ಕಡೆಯುತ್ತಿದ್ದರು.

"ದಂಡಿಗೆ ಗೀರು ಬಿದ್ದದ್ದು ಮಾತ್ರ, ಒಡೀಲಿಲ್ಲ. ನಿಮ್ಮ ಪುಣ್ಯ" ಎಂದರು ಕಮಲಾಕ್ಷ, ನಾನು ಅದನ್ನೇ ಕೇಳಲು ಬಂದವಳೆಂಬಂತೆ.

"ಪುಣ್ಯ ಅಲ್ಲ, ಪಾಪ. ನಿಮ್ಮ ಧನಿಗಳಿಗೆ ನಿಜ ಯಾಕೆ ಹೇಳಲಿಲ್ಲ? ನಾನೇ ಅಲ್ವಾ ಆಫ್ ಮಾಡಿಸಿದ್ದು?"

ಅವರು ತಂತಿಯನ್ನು ಕೆಳಗಿಟ್ಟರು. "ನೀವು ಹೇಳಿದ್ರಿ, ಹೌದು. ಆರಿಸಿದ ಕೈ ನನ್ನದಲ್ವಾ ಅಮ್ಮಾ? ಕೆಡ್ತದೆ ಅಂತ ಗೊತ್ತಿದ್ದದ್ದೂ ನನಗೇ. ಮೊದಲು ಅಂದ್ಕೊಂಡೆ, ಒಂದು ವಾರ, ಮಗುವಿನ ಕೆಮ್ಮು ಇಳಿಯಲಿ. ಆಮೇಲೆ ಇನ್ನೊಂದು ವಾರ ಅಂತ. ಏರಿಗೆ ಬರುವ ಮೊದಲು ಮೆಲ್ಲ ಬಂದು ನೋಡಿದೆ. ಏರಿನ ತುದಿಗೇ ನಿಮ್ಮ ಮನೆ, ಏನು ಮಾಡ್ಲಿಕ್ಕಾಗ್ತದೆ?"

"ಆದರೂ..."

"ನನಗೂ ಒಬ್ಳು ಮಗಳುಂಟು ಅಮ್ಮಾ, ರತ್ನ ಅಂತ. ವರ್ಷಕ್ಕೆ ಎರಡು ಸಲ ಊರಿಗೆ ಹೋಗೂದು. ಕತ್ತಲೆಗೆ ಮುಟ್ತೇನೆ, ಅವಳು ಮಲಗಿರ್ತಾಳೆ. ಬೆಳಿಗ್ಗೆ ಎದ್ದು ನನ್ನನ್ನು ನೋಡಿ ಅಜ್ಜಿಯ ಹಿಂದೆ ಅಡಗ್ತಾಳೆ. ನಾನು ಸರಿಯಾಗಿ ನೋಡಿದ್ದು ಅವಳು ನಿದ್ದೆ ಮಾಡೂದನ್ನು ಮಾತ್ರ." ತಂತಿಯನ್ನು ಮತ್ತೆ ಕೈಗೆತ್ತಿಕೊಂಡು, "ಧನಿಗೆ ಹೇಳ್ಬೇಡಿ. ಸಾರ್‌ನ ಹೆಸರು ಬರ್ತದೆ ನಡುವೆ" ಎಂದರು.

ಆಗ ಆಶಾನ್ ಲೇತಿನ ಬಳಿಯಿಂದಲೇ ನನ್ನ ಹೆಗಲ ಕಡೆ ಬೆರಳು ತೋರಿಸಿ ಮಲಯಾಳದಲ್ಲಿ ಏನೋ ಕೂಗಿದರು. ಬಗ್ಗಿ ನೋಡಿದೆ. ಕಂಚು ಕಿರುಚುವ ಆ ಸದ್ದಿನಲ್ಲಿ, ಪಕ್ಕದಲ್ಲಿ ಯಾರೋ ಸುತ್ತಿಗೆ ಬಡಿಯುತ್ತಿದ್ದಾಗ, ನಿರ್ಮಲ ಬಾಯಿ ತೆರೆದುಕೊಂಡು ಗಾಢವಾಗಿ ನಿದ್ರಿಸುತ್ತಿದ್ದಳು. ಎಬ್ಬಿಸಿದರೂ ಏಳದ ನಿದ್ದೆ.

"ಏನು ಹೇಳ್ತಿದ್ದಾರೆ?" ಎಂದೆ.

ಕಮಲಾಕ್ಷ ನಗು ತಡೆಯಲು ನೋಡಿ ಸೋತರು. "ಮಗಳೇ, ಈ ಮಗುವನ್ನು ಇಲ್ಲೇ ಬಿಟ್ಟು ಹೋಗು, ಲೇತು ತೂಗ್ತದೆ ಅಂತೆ."

ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಆಶಾನ್ ಲೇತು ನಿಲ್ಲಿಸಿ ನನಗೊಂದು ಸ್ಟೂಲು, ಒಂದು ಲೋಟ ಹಾಲಿಲ್ಲದ ಕಟ್ಟಂಚಾಯ ತಂದುಕೊಟ್ಟು, ಏನೂ ಕೇಳದೆ ಕೆಲಸಕ್ಕೆ ಮರಳಿದರು. ಆ ಸಂಜೆಯವರೆಗೂ ಅಲ್ಲೇ ಕೂತು ನೋಡಿದೆ. ನೇರವಾಗಿ ನಿಲ್ಲಿಸಿದ ಎರಡು ಉಕ್ಕಿನ ಅಲಗುಗಳ ಮೇಲೆ ದಂಡನ್ನು ಚಕ್ರಗಳ ಸಮೇತ ಇಟ್ಟು, ಯಾವ ಬದಿಗೆ ವಾಲುತ್ತದೆಂದು ಇಬ್ಬರೂ ಉಸಿರು ಹಿಡಿದು ಕಾಯುತ್ತಿದ್ದರು. ಭಾರದ ಬದಿಯನ್ನು ಒಂದಿಷ್ಟು ಕೆರೆಯುವುದು, ಮತ್ತೆ ಇಡುವುದು. ಎಷ್ಟು ಸಲವೋ. ಕೊನೆಗೆ ಹೇಗೆ ತಿರುಗಿಸಿ ಬಿಟ್ಟರೂ ಬಿಟ್ಟಲ್ಲೇ ನಿಂತಿತು. ಆಶಾನ್ ಶಿಲುಬೆಯ ಗುರುತು ಮಾಡಿಕೊಂಡರು.

ನಾನು ಮನೆಗೆ ಮರಳಿದ್ದೆ; ಮುಂದಿನ ಸೋಮವಾರ ಶ್ರೀಕಾರ್ಯಂನಲ್ಲಿ ಕಮಲಾಕ್ಷ ಅದನ್ನು ಲಾರಿಗೆ ಕೂರಿಸಿದರು. ಎಂಜಿನ್ ಹಚ್ಚುವ ಮೊದಲು ಟರ್ಬೊದ ಎಣ್ಣೆತೂತಿಗೆ ಎಣ್ಣೆ ಹೊಯ್ದು ಬೆರಳಿನಿಂದ ಚಕ್ರ ತಿರುಗಿಸಿದರು, ಮಗುವಿಗೆ ಮೊದಲ ತುತ್ತು ಉಣಿಸುವಷ್ಟು ನಿಧಾನವಾಗಿ. ಎಂಜಿನ್ ಹತ್ತಿತು, ಸಿಳ್ಳು ಮರಳಿ ಬಂತು. ಏರು ಇಳಿದು ಮತ್ತೆ ಹತ್ತಿಸಿ ನಮ್ಮ ಗೇಟಿಗೆ ತಂದು ನಿಲ್ಲಿಸಿದರು. ನಾನು ಕಿಟಕಿ ಬಿಟ್ಟು ಗೇಟಿಗೇ ಹೋಗಿ ನಿಂತೆ. ಅವರು ನನ್ನನ್ನು ನೋಡಿದರು. ಡಬ್ಬಿ ತೆರೆದರು. ಎಲೆ ಒರೆಸಿದರು, ತೊಟ್ಟು ಮುರಿದರು, ಸುಣ್ಣ ಸವರಿದರು. ಮಡಚಿದ ವೀಳ್ಯ ಬಾಯಿಗೆ ಹೋಯಿತು, ಎಂಜಿನ್ ಆರಿತು. ನಿರ್ಮಲ ಒಳಗೆ ಮಲಗಿಯೇ ಇದ್ದಳು.

ಅದಾದ ಮೇಲೆ ಅವರು ಇಳಿದು, ಬಂದು ಕಾದಿದ್ದ ಹೊಸ ಡ್ರೈವರಿಗೆ ಕೀಲಿ ಕೊಟ್ಟರು. "ನಿಂತ ಮೇಲೆ ಒಂದು ಬೀಡಿ ಪೂರ್ತಿ ಸೇದು, ಆಮೇಲೆ ಆರಿಸು" ಎಂದರು. ಲಾರಿಯ ಬಾಗಿಲನ್ನು ಅಂಗೈಯಿಂದ ಎರಡು ಸಲ ತಟ್ಟಿ, ಚೀಲ ಹೆಗಲಿಗೇರಿಸಿ, ಬಸ್ ಸ್ಟಾಪಿಗೆ ನಡೆದರು.

ಮರುದಿನ ಮಂಗಳವಾರ. ಕೊಚ್ಚಿಗೆ ಹೊರಡುವ ಮುನ್ನ ಖಾಲಿ ಲಾರಿ ಪಟ್ಟಂನಿಂದ ಕಾಗದಗಳಿಗಾಗಿ ಬಂದು ನಿಂತಿತು. ಹೊಸಬ ಬೀಡಿಯನ್ನು ಅರ್ಧಕ್ಕೇ ಎಸೆದು ಎಂಜಿನ್ ಆರಿಸಿದ. ನಾನು ಕಾಫಿಯ ಲೋಟ ಹಿಡಿದವಳು ಹಾಗೆಯೇ ಹೋಗಿ ಯಜಮಾನರ ಮುಂದೆ ಕೂತೆ. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಕಾಯಂ ಆಗುವ ಕಾಗದದ ಭಯವನ್ನೂ ಹೇಳಿದೆ. ಅವರು ನನ್ನ ಕೈಯಿಂದ ಲೋಟ ತೆಗೆದು ಪಕ್ಕಕ್ಕಿಟ್ಟರು.

"ನಾನೇ ಫೋನ್ ಮಾಡಲಾ?" ಎಂದರು.

"ಬೇಡ. ಹೇಳಿದ್ದು ನಾನು."

ಪಟ್ಟಂನ ಅಂಚೆ ಕಚೇರಿಯಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ, ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಒಂದೂವರೆ ಗಂಟೆ ಕಾದೆ. ಹೇಳಬೇಕಾದದ್ದನ್ನು ಬರೆದುಕೊಂಡಿದ್ದ ಚೀಟಿಯನ್ನು ನಿರ್ಮಲ ಅಷ್ಟರಲ್ಲಿ ಚೀಪಿ ಮುಗಿಸಿದ್ದಳು. ಕೊನೆಗೆ ಗಂಟೆ ಬಾರಿಸಿತು.

"ಹಲೋ! ಯಾರು?" ಕಾಮತರ ಗಂಟಲಿಗೆ ತಂತಿಯೇ ಬೇಕಿರಲಿಲ್ಲ.

"ನಾನು ಶ್ರೀಕಾರ್ಯಂ ಸ್ಟೋರ್‌ಕೀಪರ್ ಶ್ರೀಕಂಠ ಅವರ ಮನೆಯಿಂದ, ವಿನೋದಾ. ಕಮಲಾಕ್ಷ ಮರೆತಿರಲಿಲ್ಲ. ಮಗು ಏಳುತ್ತೆ ಅಂತ ಕಿಟಕಿಯಲ್ಲಿ ನಿಂತು ಎಂಜಿನ್ ಆಫ್ ಮಾಡಿಸ್ತಿದ್ದೋಳು ನಾನು. ಮೂವತ್ತು ಸಲ. ನಮ್ಮ ಯಜಮಾನರಿಗೆ ಗೊತ್ತಿರಲಿಲ್ಲ. ಕಮಲಾಕ್ಷ ಹೇಳಲು ಬಂದಾಗ ನಾನು ಕೇಳಿಸ್ಕೊಳ್ಳಲಿಲ್ಲ. ಮಗು ಉಳೀತು, ನಿಮ್ಮ ಲಾರಿ ಕೆಟ್ಟಿತು." ಒಂದೇ ಉಸಿರಿನಲ್ಲಿ ಇಷ್ಟೇ ಬಂತು.

ಚೀಟಿಯ ಕೊನೆಯ ಚೂರನ್ನು ನಿರ್ಮಲಳ ಬಾಯಿಂದ ತೆಗೆದೆ.

"ಅಮ್ಮಾ" ಎಂದರು ಅವರು, ನಾನು ಕೇಳಿರದ ಸಣ್ಣ ದನಿಯಲ್ಲಿ. "ಇದನ್ನು ಹೇಳ್ಲಿಕ್ಕೆ ಟ್ರಂಕ್ ಕಾಲ್ ಮಾಡಿದ್ರಾ?"

"ಹೌದು."

"ಗೊತ್ತಿದ್ದೂ ಆರಿಸಿದ್ದಾನೆ ಅಂದ್ರೆ ಅದೂ ತಪ್ಪೇ. ಆದ್ರೆ ಅದು ಬೇರೆ ತಪ್ಪು. ಮರೆಯುವವನನ್ನು ನಾನು ಇಟ್ಕೊಳ್ಳೂದಿಲ್ಲ. ಇವ ಮರೆಯುವವ ಅಲ್ಲ." ಮತ್ತೆ ಗಂಟಲು ದೊಡ್ಡದಾಯಿತು. "ಶುಕ್ರವಾರ ಗಾಡಿ ಅವನೇ ತರ್ತಾನೆ. ನಿಮ್ಮ ಯಜಮಾನರ ಹೆಸರು ಇದರಲ್ಲಿ ಎಲ್ಲಿಗೂ ಬರೂದಿಲ್ಲ. ನೀವು ಮಾತ್ರ ದಯವಿಟ್ಟು ಆ ಕಿಟಕಿ ಹತ್ರ ನಿಲ್ಬೇಡಿ ಮಾರಾಯ್ರೆ! ಇಲ್ಲೇ ಇದ್ದಾನೆ, ಕೊಡ್ತೇನೆ. ಏ ಕಮಲಾಕ್ಷ!"

ರಿಸೀವರು ಕೈ ಬದಲಾಯಿಸಿದ್ದು ಕೇಳಿಸಿತು. ಆ ಕಡೆಯಿಂದ ಬಂದದ್ದು ಪಿಸುಮಾತು, ಇನ್ನೂರು ಕಿಲೋಮೀಟರ್ ದೂರದಿಂದ:

"ಅಮ್ಮಾ... ಮಗು ಮಲಗಿದೆಯಾ?"

"ಇಲ್ಲ ಕಮಲಾಕ್ಷ, ಎದ್ದಿದ್ದಾಳೆ" ಎಂದು ರಿಸೀವರನ್ನು ನಿರ್ಮಲಳ ಬಾಯಿಯ ಹತ್ತಿರ ಹಿಡಿದೆ. "ನೀವು ಗಟ್ಟಿಯಾಗಿಯೇ ಮಾತಾಡಿ."